ಎರಡು ಕಮಾನಿನ ಬಾಗಿಲಿಗೆ ಇಳಿಯುವ ದಾರಿ

ಬಸ್ಸು ನನ್ನನ್ನು ಬೆಟ್ಟದ ನೆತ್ತಿಯ ಹಳ್ಳಿಯಲ್ಲಿ ಇಳಿಸಿದಾಗ ಬೆಳಗಿನ ಒಂಬತ್ತು ಗಂಟೆಯ ಸುಮಾರು. ಜೆರುಸಲೇಮಿನ ಹಳೇ ಪಟ್ಟಣದ ಪೂರ್ವದ ಗೋಡೆಗೆ ಎದುರಾಗಿರುವ ಬೆಟ್ಟ ಇದು. ಯೆಹೂದ್ಯರು, ಕ್ರೈಸ್ತರು, ಮುಸ್ಲಿಮರು ತಂತಮ್ಮ ಭಾಷೆಯಲ್ಲಿ ಇದಕ್ಕೆ ಹೆಸರಿಟ್ಟುಕೊಂಡಿದ್ದಾರೆ. ನಾನು ಯಾವುದನ್ನೂ ಎತ್ತಿಕೊಳ್ಳದೆ ಬೆಟ್ಟ ಅಂತಲೇ ಕರೆಯುತ್ತೇನೆ. ಕೊನೆಯ ದಿನ ಮನುಷ್ಯರ ಲೆಕ್ಕ ಚುಕ್ತಾ ಆಗುವುದಕ್ಕೂ ಈ ಬೆಟ್ಟಕ್ಕೂ ಇದರ ಕೆಳಗಿನ ಕಣಿವೆಗೂ ಸಂಬಂಧವಿದೆ ಎಂದು ಮೂರೂ ಕಡೆಯ ಪರಂಪರೆ ಹೇಳುತ್ತದೆ. ಹಾಗಾಗಿ ಮೇಲಿನಿಂದ ಕೆಳಗೆ, ಕೆಳಗಿನಿಂದ ಆಚೆಯ ಗೋಡೆಯವರೆಗೆ ನಡೆದು ನೋಡಬೇಕು ಅಂದುಕೊಂಡಿದ್ದೆ. ದೂರ ಹೆಚ್ಚಿಲ್ಲ. ಇಳಿಯುವವರಿಗೆ ಅರ್ಧ ಗಂಟೆ ಸಾಕು. ನನಗೆ ಮಧ್ಯಾಹ್ನದ ಮೇಲಾಯಿತು.

ನನ್ನದೇ ಒಂದು ಕಾರಣವೂ ಇತ್ತು. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮ್ಮ ತೀರಿಕೊಂಡಾಗ ಅವಳ ಕೈಯಲ್ಲಿದ್ದ ಎರಡು ಬಂಗಾರದ ಬಳೆ ನನ್ನ ಹತ್ತಿರ ಉಳಿದವು. ಅಕ್ಕನಿಗೊಂದು, ನನಗೊಂದು ಅಂತ ಅಮ್ಮ ಬಾಯಲ್ಲಿ ಹೇಳಿದ್ದಳು. ಕೊನೆಯ ವರ್ಷಗಳಲ್ಲಿ ಅಮ್ಮನನ್ನು ನೋಡಿಕೊಂಡವಳು ನಾನು ಎನ್ನುವ ಬಿಗುಮಾನದಲ್ಲಿ ನಾನು ಕೊಡಲಿಲ್ಲ. ಅಕ್ಕ ಒಂದು ಸಲ ಕೇಳಿದಳು, ಆಮೇಲೆ ಮಾತು ಬಿಟ್ಟಳು. ಮೂರು ವರ್ಷ ಕಳೆದ ಮೇಲೆ ಅವಳೂ ಹೋದಳು. ತಪ್ಪಾಯ್ತು ಎಂದು ಯಾರ ಹತ್ತಿರ ಹೇಳಬೇಕು ಎನ್ನುವುದು ಅಂದಿನಿಂದ ನನ್ನ ಜೊತೆಗೇ ಇದೆ. ದೇವರ ಹತ್ತಿರ ಹೇಳಿಕೋ ಎಂದವರುಂಟು. ಹೇಳಿಕೊಂಡೆ. ಹಗುರವಾಗಲಿಲ್ಲ.

ಬಸ್ಸಿಳಿದ ಜಾಗದಿಂದ ಸ್ವಲ್ಪ ನಡೆದರೆ ಎತ್ತರದ ಕಾಂಪೌಂಡಿನೊಳಗೆ ಒಂದು ಚರ್ಚು, ಅದಕ್ಕೆ ಅಂಟಿಕೊಂಡ ಕನ್ಯಾಮಠ. ಒಳಗಿನ ಗೋಡೆಗಳ ತುಂಬ ಬಣ್ಣದ ಹೆಂಚಿನ ಫಲಕಗಳು. ಒಂದೇ ಪ್ರಾರ್ಥನೆಯನ್ನು ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಬರೆಸಿದ್ದಾರೆ. ನಮ್ಮ ಕಥೋಲಿಕರು ಪರಲೋಕ ಮಂತ್ರ ಎನ್ನುತ್ತಾರಲ್ಲ, ಅದು. ಯೇಸು ಇಲ್ಲಿಯ ಗವಿಯಲ್ಲಿ ಕೂತು ಶಿಷ್ಯರಿಗೆ ಅದನ್ನು ಕಲಿಸಿದ ಎನ್ನುವುದು ಐತಿಹ್ಯ. ಫಲಕಗಳ ಮುಂದೆ ಯಾತ್ರಿಕರು ತಂತಮ್ಮ ಭಾಷೆ ಹುಡುಕಿಕೊಂಡು ಸಾಲಾಗಿ ನಡೆಯುತ್ತಿದ್ದರು. ತಮ್ಮದು ಸಿಕ್ಕಿದ ಕೂಡಲೇ ದನಿ ಎತ್ತಿ ಓದಿಕೊಳ್ಳುತ್ತಿದ್ದರು. ಎರಡು ಮೂರು ಭಾಷೆ ಒಟ್ಟಿಗೇ ಕೇಳುತ್ತಿದ್ದವು.

ಆ ಪ್ರಾರ್ಥನೆಯ ನಡುವೆ ಬರುವ ಒಂದು ಬೇಡಿಕೆಯ ಮೇಲೆ ನನ್ನ ಕಣ್ಣು. ನಮ್ಮನ್ನು ಕ್ಷಮಿಸು ಎಂದಷ್ಟೇ ಅಲ್ಲಿ ಕೇಳುವುದಿಲ್ಲ. ನಾವು ಇತರರನ್ನು ಕ್ಷಮಿಸಿದ ಹಾಗೆ ಎಂಬ ಅಳತೆಗೋಲನ್ನೂ ಜೊತೆಗೆ ಕೊಟ್ಟುಬಿಡುತ್ತಾರೆ. ಮತ್ತಾಯನ ಸುವಾರ್ತೆಯಲ್ಲಿ ಈ ಜಾಗದಲ್ಲಿರುವ ಗ್ರೀಕ್ ಪದದ ಅರ್ಥ ಸಾಲ. ಯೇಸು ಆಡುತ್ತಿದ್ದ ಅರಮಾಯಿಕ್ ಭಾಷೆಯಲ್ಲಿ ‘ಹೋಬಾ’ ಎಂದರೆ ಸಾಲವೂ ಹೌದು, ಪಾಪವೂ ಹೌದು. ಋಣ ಎನ್ನುವ ಮಾತಿನ ಜೊತೆ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಲ ಎಂದ ಮೇಲೆ ಕೊಟ್ಟವರೊಬ್ಬರು ಇರಲೇಬೇಕು. ಅವರಿಗೆ ಹೆಸರು, ಮನೆ, ಬಾಗಿಲು ಇರುತ್ತವೆ. ಗೋಡೆಗೆ ಬೆನ್ನು ಮಾಡಿ ಹೊರಡುವಾಗ ಆ ಬಾಗಿಲು ಎಂಬ ಮಾತೇ ತಲೆಯಲ್ಲಿ ಉಳಿದಿತ್ತು.

ಹೊರಗೆ ಬಂದು ರಸ್ತೆ ಹಿಡಿದು ತುಸು ದಕ್ಷಿಣಕ್ಕೆ ಹೋದರೆ ಇಡೀ ಪಟ್ಟಣ ಕಾಣುವ ಕಟ್ಟೆ. ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬರುವುದರಿಂದ ಎದುರಿನ ಗೋಡೆ, ಬಂಗಾರದ ಗುಮ್ಮಟ ಎಲ್ಲ ಸ್ಪಷ್ಟ. ಫೋಟೋ ತೆಗೆಸಿಕೊಳ್ಳುವವರ ಗದ್ದಲ ಜೋರಾಗಿತ್ತು. ಗೋಡೆಯ ನಡುವೆ, ಗುಮ್ಮಟಕ್ಕಿಂತ ಸ್ವಲ್ಪ ಬಲಕ್ಕೆ, ಕಲ್ಲು ಕಟ್ಟಿ ಮುಚ್ಚಿದ ಜೋಡಿ ಕಮಾನು ಕಾಣುತ್ತದೆ. ನಾನು ಮುಟ್ಟಬೇಕಾಗಿದ್ದ ಕೊನೆಯ ಜಾಗ ಅದು. ಕಟ್ಟೆಯಿಂದ ನೋಡಿದರೆ ಕೈಯಳತೆಯಲ್ಲಿದೆ ಅನಿಸುತ್ತದೆ. ನಡುವೆ ಕಣಿವೆಯಿದೆ, ಕಣಿವೆಯ ಎರಡೂ ದಡದಲ್ಲಿ ಗೋರಿಗಳಿವೆ.

ಕಟ್ಟೆಯ ಕೆಳಗಿನ ಇಳಿಜಾರು ಪೂರ್ತಿ ಯೆಹೂದ್ಯರ ಸ್ಮಶಾನ. ಸುಮಾರು ಮೂರು ಸಾವಿರ ವರ್ಷದಿಂದ ಇಲ್ಲಿ ಹೂಳುತ್ತ ಬಂದಿದ್ದಾರೆ. ಗೋರಿಗಳ ಸಂಖ್ಯೆ 1,50,000 ಎಂದು ಸಾಮಾನ್ಯವಾಗಿ ಹೇಳುವ ಲೆಕ್ಕ. ಮರವಿಲ್ಲ, ನೆರಳಿಲ್ಲ, ಹೂವಿಲ್ಲ. ಮಾಸಲು ಬಿಳಿಯ ಕಲ್ಲಿನ ಪೆಟ್ಟಿಗೆಗಳು ಮೆಟ್ಟಿಲು ಮೆಟ್ಟಿಲಾಗಿ ಕಣಿವೆಗೆ ಇಳಿಯುತ್ತವೆ. ಕೊನೆಯ ದಿನ ಸತ್ತವರು ಎದ್ದು ನಿಲ್ಲುವುದು ಇಲ್ಲಿಂದಲೇ ಮೊದಲಾಗುತ್ತದೆ ಎನ್ನುವ ನಂಬಿಕೆಯಿಂದ ದೂರದೂರದ ದೇಶದವರೂ ಇಲ್ಲಿ ಆರಡಿ ಜಾಗ ಬಯಸುತ್ತಾರೆ. ಎದುರಿಗೆ ಬಂಗಾರದ ಗುಮ್ಮಟವಿರುವ ದೇವಾಲಯದ ಬೆಟ್ಟದ ಕಡೆಗೆ ಕಾಲು ಮಾಡಿ ಮಲಗಿಸುತ್ತಾರಂತೆ. ಎದ್ದರೆ ನೇರವಾಗಿ ನಡೆದು ಹೋಗಬಹುದು.

ಪ್ರವಾಸಿಗಳು ಒಳಗೆ ಕಾಲಿಡಬಹುದೋ ಬಾರದೋ ಎಂದು ಗೇಟಿನ ಹತ್ತಿರ ಅನುಮಾನಿಸುತ್ತ ನಿಂತಿದ್ದೆ. ಒಳಗಿನಿಂದ ಬಂದ ವಯಸ್ಸಾದ ಹೆಂಗಸೊಬ್ಬರು ಕೈಸನ್ನೆಯಲ್ಲಿ ಹೋಗು ಅಂದರು. ಗೋರಿಗಳ ಮೇಲೆ ಚಿಕ್ಕ ಚಿಕ್ಕ ಕಲ್ಲುಹರಳುಗಳು. ಬಂದವರು ಹೂವಿನ ಬದಲು ಕಲ್ಲಿಟ್ಟು ಹೋಗುತ್ತಾರೆ. ಕೆಲವು ಗೋರಿಯ ಮೇಲೆ ಹತ್ತಾರು, ಕೆಲವದರ ಮೇಲೆ ಒಂದೂ ಇಲ್ಲ. ಒಂದೂ ಇಲ್ಲದವೇ ಹೆಚ್ಚು.

ಸ್ವಲ್ಪ ಕೆಳಗೆ ಒಂದು ಗೋರಿಯ ಸುತ್ತ ಗಂಡಸರ ಗುಂಪು ನಿಂತಿತ್ತು. ಎಣಿಸಿದೆ. ಹನ್ನೊಂದು ಜನ. ಒಬ್ಬ ಪುಸ್ತಕ ಹಿಡಿದು ಓದುತ್ತಿದ್ದ, ಉಳಿದವರು ನಡುನಡುವೆ ಆಮೆನ್ ಎನ್ನುತ್ತಿದ್ದರು. ಸತ್ತವರಿಗಾಗಿ ಹೇಳುವ ಕದ್ದೀಶ್ ಪ್ರಾರ್ಥನೆ ಅದು ಎಂದು ನನ್ನ ಊಹೆ. ಅದಕ್ಕೆ ಹತ್ತು ಜನ ಕೂಡಲೇಬೇಕು. ತಂದೆ ತಾಯಿಗಾಗಿ ಮಕ್ಕಳು ಅದನ್ನು ಹನ್ನೊಂದು ತಿಂಗಳು ಹೇಳುತ್ತಾರೆ. ಹನ್ನೊಂದೇ ಏಕೆ ಎಂಬುದಕ್ಕೆ ಕೊಡುವ ಕಾರಣ ನನಗೆ ಬಹಳ ಹಿಡಿಸಿತು. ಯೆಹೂದ್ಯರ ಹಳೆಯ ಎಣಿಕೆಯ ಪ್ರಕಾರ ದುಷ್ಟರಿಗೆ ಗೇಹಿನ್ನೋಮಿನಲ್ಲಿ, ಎಂದರೆ ನರಕದಲ್ಲಿ, ಹನ್ನೆರಡು ತಿಂಗಳ ಶಿಕ್ಷೆ. ಪೂರ್ತಿ ಹನ್ನೆರಡು ತಿಂಗಳು ಪ್ರಾರ್ಥಿಸಿದರೆ ಹೆತ್ತವರನ್ನು ದುಷ್ಟರ ಸಾಲಿಗೆ ಸೇರಿಸಿದ ಹಾಗಾಗುತ್ತದೆ. ಆದ್ದರಿಂದ ಒಂದು ತಿಂಗಳು ಮೊದಲೇ ನಿಲ್ಲಿಸುತ್ತಾರೆ.

ಆ ಗುಂಪನ್ನು ನೋಡುತ್ತ ನನಗೆ ನೆನಪಾದದ್ದು ಇನ್ನೊಂದು ನಿಯಮ. ನಾನು ಈ ಬೆಟ್ಟಕ್ಕೆ ಬಂದದ್ದು ಅರ್ಧ ಅದರ ಸಲುವಾಗಿಯೇ ಎನ್ನಬೇಕು. ಯೆಹೂದ್ಯರಿಗೆ ವರ್ಷದಲ್ಲಿ ಒಂದು ದಿನ, ಯೋಮ್ ಕಿಪ್ಪೂರ್, ಪ್ರಾಯಶ್ಚಿತ್ತದ ದಿನ. ಇಪ್ಪತ್ತೈದು ಗಂಟೆ ಅನ್ನ ನೀರು ಮುಟ್ಟುವುದಿಲ್ಲ. ನಾವು ತಪ್ಪಿದೆವು, ನಾವು ಮೋಸ ಮಾಡಿದೆವು ಎಂದು ಬಹುವಚನದಲ್ಲೇ, ಎದೆಗೆ ಮುಷ್ಟಿ ತಟ್ಟಿಕೊಳ್ಳುತ್ತ ಒಪ್ಪಿಕೊಳ್ಳುತ್ತಾರೆ. ಆದರೆ ಮಿಶ್ನಾ ಎಂಬ ಅವರ ಪ್ರಾಚೀನ ನ್ಯಾಯಸಂಹಿತೆಯಲ್ಲಿ ಒಂದು ಕಟ್ಟುಪಾಡಿದೆ. ಮನುಷ್ಯ ದೇವರಿಗೆ ಮಾಡಿದ ತಪ್ಪನ್ನು ಆ ದಿನ ತೊಳೆಯುತ್ತದೆ. ಮನುಷ್ಯ ಮನುಷ್ಯನಿಗೆ ಮಾಡಿದ್ದನ್ನು ತೊಳೆಯುವುದಿಲ್ಲ, ನೊಂದವನನ್ನು ಸಮಾಧಾನ ಮಾಡಿಕೊಂಡು ಬರುವವರೆಗೆ. ಅದಕ್ಕೇ ಹೊಸ ವರ್ಷದಿಂದ ಯೋಮ್ ಕಿಪ್ಪೂರಿನವರೆಗಿನ ಹತ್ತು ದಿನಗಳಲ್ಲಿ ನೆಂಟರಿಷ್ಟರನ್ನು, ನೆರೆಯವರನ್ನು ಕಂಡು ‘ಮೆಖಿಲಾ’ ಕೇಳುವ ರೂಢಿ. ಮೆಖಿಲಾ ಎಂದರೆ ಕ್ಷಮೆ, ಬಾಕಿ ಬಿಟ್ಟುಕೊಡುವುದು.

ನೊಂದವನು ಸತ್ತುಹೋಗಿದ್ದರೆ? ಇದಕ್ಕೂ ನಿಯಮವಿದೆ. 1204ರಲ್ಲಿ ತೀರಿಕೊಂಡ ವೈದ್ಯ, ತತ್ತ್ವಜ್ಞಾನಿ ಮೈಮೊನಿಡೀಸ್ ಬರೆದಿಟ್ಟದ್ದು. ತಪ್ಪು ಮಾಡಿದವನು ಹತ್ತು ಜನರನ್ನು ಕರೆದುಕೊಂಡು ಗೋರಿಯ ಹತ್ತಿರ ಹೋಗಬೇಕು. ಅವರೆದುರು, ದೇವರಿಗೂ ಈ ಮನುಷ್ಯನಿಗೂ ನಾನು ಇಂಥ ತಪ್ಪು ಮಾಡಿದ್ದೇನೆ ಎಂದು ಬಿಡಿಸಿ ಹೇಳಬೇಕು. ಹಣ ಕೊಡುವುದಿದ್ದರೆ ವಾರಸುದಾರರಿಗೆ ಕೊಡಬೇಕು. ವಾರಸುದಾರರು ಯಾರೆಂದು ಗೊತ್ತಿಲ್ಲದಿದ್ದರೆ ನ್ಯಾಯಾಲಯಕ್ಕೆ ಕಟ್ಟಬೇಕು. ಮೊದಲ ಸಲ ಇದನ್ನು ಓದಿದಾಗ ನಾನು ಗಮನಿಸಿದ್ದು ಗೋರಿಯನ್ನು, ಹತ್ತು ಜನರನ್ನು. ಇಲ್ಲಿ ನಿಂತಾಗ ಮಾತ್ರ ಹಣದ ಮಾತು ಚುಚ್ಚಿತು. ಅಕ್ಕನಿಗೆ ಒಬ್ಬಳೇ ಮಗಳು.

ಆ ಹನ್ನೊಂದು ಜನರಲ್ಲಿ ಒಬ್ಬ ಹುಡುಗ ಕಣ್ಣು ಒರೆಸಿಕೊಂಡ. ಅಳುತ್ತಿದ್ದನೋ, ಬಿಸಿಲಿನ ಝಳಕ್ಕೋ ಹೇಳಲಾರೆ. ನಾನು ಹೆಚ್ಚು ಹೊತ್ತು ನೋಡಬಾರದು ಅನಿಸಿ ಹೊರಟೆ. ಬಾಗಿಲ ಹತ್ತಿರ ಎರಡು ಹಿಡಿಯ ತಂಬಿಗೆಯೂ ನಲ್ಲಿಯೂ ಇದ್ದವು. ಸ್ಮಶಾನದಿಂದ ಹೊರಡುವವರು ಕೈ ತೊಳೆಯಬೇಕು. ನಮ್ಮಲ್ಲಿ ಸ್ನಾನವೇ ಆಗಬೇಕು. ನಾನೂ ಕೈ ತೊಳೆದೆ.

ಈ ನಿಯಮದ ಕಟುವಾದ ಕೊನೆಯೂ ಒಂದುಂಟು. ನೊಂದವನೇ ಕ್ಷಮಿಸಬೇಕು ಎಂದಾದರೆ ಕೊಲೆಯನ್ನು ಕ್ಷಮಿಸುವವರು ಯಾರು? ನಾಜಿ ಶಿಬಿರದಿಂದ ಬದುಕಿ ಬಂದ ಸೈಮನ್ ವೀಸೆಂತಾಲ್ ‘ಸೂರ್ಯಕಾಂತಿ’ ಎನ್ನುವ ಪುಸ್ತಕದಲ್ಲಿ ಇದನ್ನೇ ಕೇಳಿದ್ದಾರೆ. ಸಾಯುತ್ತ ಮಲಗಿದ್ದ ಒಬ್ಬ ನಾಜಿ ಸೈನಿಕ, ತಾನು ಭಾಗಿಯಾದ ಯೆಹೂದ್ಯರ ಕೊಲೆಯನ್ನು ಹೇಳಿಕೊಂಡು, ಯೆಹೂದ್ಯನೊಬ್ಬನ ಬಾಯಿಂದ ಕ್ಷಮೆ ಬಯಸಿ ಅವರನ್ನು ಕರೆಸಿಕೊಂಡ. ಅವರು ಏನೂ ಹೇಳದೆ ಎದ್ದು ಬಂದರು. ನೀವಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು ಓದುಗರ ಮುಂದೆ ಪ್ರಶ್ನೆ ಇಟ್ಟರು. ಬೇರೆ ಬೇರೆ ಧರ್ಮದ ಚಿಂತಕರು ಬರೆದ ಉತ್ತರಗಳು ಪುಸ್ತಕಕ್ಕೆ ಸೇರಿವೆ. ಅವು ಒಂದಕ್ಕೊಂದು ಹೊಂದುವುದಿಲ್ಲ. ಸತ್ತವರ ಪರವಾಗಿ ಕ್ಷಮಿಸುವ ಅಧಿಕಾರ ನನಗಿಲ್ಲ ಎನ್ನುವ ನಿಲುವು ನನಗೆ ಅರ್ಥವಾಗುತ್ತದೆ. ಆ ಹಾಸಿಗೆಯ ಪಕ್ಕದಲ್ಲಿ ನಾನಿದ್ದಿದ್ದರೆ ಹಾಗೆ ಎದ್ದು ಬರುತ್ತಿದ್ದೆನೋ ಇಲ್ಲವೋ, ಗೊತ್ತಿಲ್ಲ.

ದಾರಿ ಇಲ್ಲಿಂದ ಕಡಿದಾಗುತ್ತದೆ. ಎರಡೂ ಕಡೆ ಎತ್ತರದ ಕಲ್ಲುಗೋಡೆ, ಕಾಲಡಿ ನುಣ್ಣಗೆ ಸವೆದ ರಸ್ತೆ. ಜಾರದಂತೆ ಗೋಡೆ ಹಿಡಿದು ಇಳಿದೆ. ಬಲಗಡೆ ಕಣ್ಣೀರ ಹನಿಯ ಆಕಾರದಲ್ಲಿ ಕಟ್ಟಿದ ಒಂದು ಚಿಕ್ಕ ಪ್ರಾರ್ಥನಾಲಯ, 1955ರದ್ದು. ಪಟ್ಟಣಕ್ಕೆ ಬರಲಿರುವ ಕೇಡನ್ನು ನೆನೆದು ಯೇಸು ಅತ್ತ ಜಾಗವಂತೆ. ಒಳಗೆ ಪೂಜೆ ನಡೆದಿತ್ತು, ನಾನು ನಿಲ್ಲಲಿಲ್ಲ. ಇನ್ನೂ ಕೆಳಗೆ, ಸೈಪ್ರೆಸ್ ಮರಗಳ ನಡುವೆ, ಈರುಳ್ಳಿಯಾಕಾರದ ಬಂಗಾರದ ಗುಮ್ಮಟಗಳ ರಷ್ಯನ್ ಚರ್ಚು. ಬಾಗಿಲು ಮುಚ್ಚಿತ್ತು. ಆರ್ಥಡಾಕ್ಸ್ ಕ್ರೈಸ್ತರಲ್ಲಿ ಈಸ್ಟರಿಗೆ ಮುಂಚಿನ ದೊಡ್ಡ ಉಪವಾಸ ಹಿಡಿಯುವ ಹಿಂದಿನ ದಿನ ಕ್ಷಮೆಯ ಭಾನುವಾರ. ಪಾದ್ರಿ ಮೊದಲ್ಗೊಂಡು ಎಲ್ಲರೂ ಒಬ್ಬೊಬ್ಬರಿಗೂ ಬಾಗಿ, ನನ್ನನ್ನು ಕ್ಷಮಿಸಿ ಎನ್ನುತ್ತಾರೆ. ದೊಡ್ಡವರು ಮಕ್ಕಳಿಗೂ ಬಾಗುತ್ತಾರೆ. ಅದಾದ ಮೇಲೆಯೇ ಉಪವಾಸ.

ಇಳಿಜಾರಿನ ಬುಡದಲ್ಲಿ ಆಲಿವ್ ತೋಟ. ತೋಟ ಎಂದರೆ ದೊಡ್ಡದನ್ನು ಕಲ್ಪಿಸಿಕೊಳ್ಳಬೇಡಿ. ಕಂಬಿಬೇಲಿಯೊಳಗೆ ಎಂಟು ಮುದಿ ಮರಗಳು. ಬೊಡ್ಡೆಗಳು ಒಳಗೆ ಟೊಳ್ಳಾಗಿ, ಹೊರಗೆ ಗಂಟುಗಂಟಾಗಿ ಊದಿಕೊಂಡಿವೆ. ಎಲೆ ಮಾತ್ರ ಹೊಸದು. ಯೇಸುವಿನ ಕಾಲದ್ದೇ ಮರಗಳು ಎಂದು ಪಕ್ಕದ ಗುಂಪಿನ ಗೈಡು ಹೇಳುತ್ತಿದ್ದ. 2012ರಲ್ಲಿ ಪ್ರಕಟವಾದ ಇಟಲಿಯ ವಿಜ್ಞಾನಿಗಳ ಪರೀಕ್ಷೆಯ ಪ್ರಕಾರ ಮೂರು ಮರಗಳ ಕಾಂಡ ಹನ್ನೆರಡನೆಯ ಶತಮಾನದ ಆಚೀಚಿನದು. ಒಂಬೈನೂರು ವರ್ಷ ಕಡಿಮೆಯೇನಲ್ಲ.

ಪಕ್ಕದ ಚರ್ಚಿನೊಳಗೆ ಹೆಜ್ಜೆ ಇಟ್ಟ ಕೂಡಲೇ ಕಣ್ಣು ಕತ್ತಲೆಗಟ್ಟಿತು. ಕಿಟಕಿಗಳಿಗೆ ನೇರಳೆ ಛಾಯೆಯ ತೆಳುಗಲ್ಲು ಹಾಕಿದ್ದಾರೆ. ಹಗಲಲ್ಲೂ ರಾತ್ರಿಯ ಭಾವ ಬರಲಿ ಎಂದು 1924ರಲ್ಲಿ ಹೀಗೆ ಕಟ್ಟಿದರು. ಬಲಿಪೀಠದ ಮುಂದೆ ನೆಲದಿಂದ ಎದ್ದ ಬರಿಯ ಬಂಡೆ. ಸೆರೆ ಸಿಗುವ ಮುಂಚಿನ ಗಳಿಗೆಗಳಲ್ಲಿ ಯೇಸು ಪ್ರಾರ್ಥಿಸಿದ್ದು ಅದರ ಮೇಲೆ ಎನ್ನುತ್ತಾರೆ. ಒಬ್ಬೊಬ್ಬರಾಗಿ ಬಂದು ಬಂಡೆಗೆ ಹಣೆ ಹಚ್ಚಿ ಹೋಗುತ್ತಿದ್ದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ.

ಕ್ರೈಸ್ತರ ಸ್ವರ್ಗದ ದಾರಿಯ ಬಗ್ಗೆ ನನಗೆ ಮೊದಲಿನಿಂದಲೂ ಒಂದು ತಕರಾರಿತ್ತು. ಮನುಷ್ಯ ತನ್ನ ಪ್ರಯತ್ನದಿಂದ ಅಲ್ಲಿಗೆ ತಲುಪಲಾರ, ಯೇಸುವಿನ ಮರಣ ಅವನ ಸಾಲ ತೀರಿಸಿದೆ, ಅದು ದೇವರ ಕೃಪೆ ಎಂಬುದು ಅದರ ತಿರುಳು. ಶಿಲುಬೆಯ ಮೇಲಿನ ಕಳ್ಳನಿಗೆ ಕೊನೆಯ ಗಳಿಗೆಯಲ್ಲಿ, ಅಂದೇ ಪರದೈಸಿನಲ್ಲಿ ತನ್ನ ಜೊತೆ ಇರುತ್ತೀಯೆ ಎಂಬ ಮಾತು ಸಿಕ್ಕಿತು. ಕಳ್ಳತನಕ್ಕೆ ಒಳಗಾದವರ ಗತಿ ಏನು ಎಂದು ನಾನು ಕೇಳಿಕೊಳ್ಳುತ್ತಿದ್ದೆ. ಕಥೋಲಿಕರ ಪಾಪನಿವೇದನೆಯೂ ಹಾಗೇ ಕಂಡಿತ್ತು. ಹಬ್ಬದ ಮುಂಚೆ ನಮ್ಮೂರ ಚರ್ಚಿನಲ್ಲಿ ಸಾಲು ನಿಲ್ಲುವವರನ್ನು ನೋಡಿದ್ದೇನೆ. ಗುರುಗಳ ಕಿವಿಗೆ ಹೇಳಿ ಬಂದರೆ ಮುಗಿಯಿತೇ? ಕಥೋಲಿಕ ಗೆಳತಿಯೊಬ್ಬಳು ತಿದ್ದಿದಳು: ಕದ್ದದ್ದನ್ನು ಹಿಂದಿರುಗಿಸು, ಕೆಡಿಸಿದ ಹೆಸರನ್ನು ಸರಿಮಾಡು ಎಂದೂ ಗುರುಗಳು ಹೇಳುತ್ತಾರೆ, ಅದು ನಿನಗೆ ಹೊರಗಿನಿಂದ ಕೇಳಿಸುವುದಿಲ್ಲ ಅಷ್ಟೇ. ‘ಬೆಟ್ಟದ ಪ್ರವಚನ’ ಎನ್ನುವ ಬೋಧನೆಯಲ್ಲಿ ಯೇಸುವೇ ಹೇಳಿದ್ದು ಇನ್ನೂ ಖಂಡಿತವಾದ ಮಾತು. ಕಾಣಿಕೆ ಹಿಡಿದು ಬಲಿಪೀಠದ ಮುಂದೆ ನಿಂತಾಗ, ಸೋದರನಿಗೆ ನಿನ್ನ ಮೇಲೆ ಮುನಿಸಿದೆ ಎಂದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ರಾಜಿಯಾಗಿ ಆಮೇಲೆ ಬಾ ಎಂದು. ಪೂಜೆಯನ್ನು ಅರ್ಧಕ್ಕೆ ಬಿಟ್ಟು ಹೋಗು ಎನ್ನುತ್ತಿದ್ದಾನೆ.

ಈ ಕತ್ತಲೆಯಲ್ಲಿ ಕೂತಾಗ ಆ ರಾತ್ರಿ ಇದೇ ತೋಟದಲ್ಲಿದ್ದ ಇಬ್ಬರು ನೆನಪಾದರು. ಯೂದ ಮುತ್ತಿಟ್ಟು ಗುರುವನ್ನು ಹಿಡಿದುಕೊಟ್ಟ. ಪೇತ್ರ ಬೆಳಗಾಗುವುದರೊಳಗೆ ಮೂರು ಸಲ, ಅವನು ಯಾರೋ ನನಗೆ ತಿಳಿಯದು ಎಂದ. ಮತ್ತಾಯನ ಪ್ರಕಾರ ಯೂದನಿಗೂ ಪಶ್ಚಾತ್ತಾಪವಾಯಿತು. ಮೂವತ್ತು ಬೆಳ್ಳಿ ನಾಣ್ಯಗಳನ್ನು ಹಿಂದಕ್ಕೆ ಒಯ್ದ, ಪಾಪ ಮಾಡಿದೆ ಎಂದು ಬಾಯಿಬಿಟ್ಟು ಹೇಳಿದ. ಹೇಳಿದ್ದು ದುಡ್ಡು ಕೊಟ್ಟ ಪುರೋಹಿತರ ಹತ್ತಿರ. ಅದು ನಮಗೇಕೆ ಎಂದು ಅವರು ತಳ್ಳಿಹಾಕಿದರು. ಅವನು ಹೋಗಿ ನೇಣು ಹಾಕಿಕೊಂಡ. ಪೇತ್ರ ಏನನ್ನೂ ಹಿಂದಿರುಗಿಸಲಿಲ್ಲ, ಹೊರಗೆ ಹೋಗಿ ಅತ್ತ. ಆಮೇಲೆ ಯೇಸು ಎದ್ದು ಬಂದು ಸರೋವರದ ದಡದಲ್ಲಿ ಕಾಣಿಸಿಕೊಂಡಾಗ, ದೋಣಿಯಿಂದ ನೀರಿಗೆ ಹಾರಿ ಅವನ ಕಡೆಗೇ ಹೋದ. ಅಲ್ಲಿ ಯೇಸು ಮೂರು ಸಲ, ನನ್ನನ್ನು ಪ್ರೀತಿಸುತ್ತೀಯಾ ಎಂದು ಕೇಳಿದ. ಅಲ್ಲಗಳೆದದ್ದೂ ಮೂರು ಸಲ. ಯೂದ ದುಡ್ಡನ್ನೂ ತಪ್ಪೊಪ್ಪಿಗೆಯನ್ನೂ ಒಯ್ದದ್ದು ಬೇರೆ ಬಾಗಿಲಿಗೆ. ಪಂಡಿತರು ಇದನ್ನು ಒಪ್ಪುತ್ತಾರೋ ಇಲ್ಲವೋ, ನನಗೆ ಅವರಿಬ್ಬರ ನಡುವಿನ ಅಂತರ ಇಷ್ಟೇ ಕಂಡಿತು. ದೇವರಿಗೆ ಹೇಳಿಕೊಂಡೂ ನನಗೆ ಹಗುರವಾಗದೇ ಇದ್ದದ್ದು ಏಕೆ ಎಂದು ಆ ಬೆಂಚಿನಲ್ಲಿ ಸ್ವಲ್ಪ ಹೊಳೆಯಿತು.

ಹೊರಗೆ ಬಂದು ರಸ್ತೆಯ ಮಗ್ಗುಲಲ್ಲೇ ಇನ್ನೊಂದು ಕಡೆ ಇಳಿದೆ. ನೆಲದಡಿಗೆ ನಲವತ್ತೇಳು ಅಗಲವಾದ ಮೆಟ್ಟಿಲು. ತಳದಲ್ಲಿ ಯೇಸುವಿನ ತಾಯಿ ಮರಿಯಳ ಸಮಾಧಿ ಎಂದು ನಂಬಿದ ಕೋಣೆ. ತೂಗುದೀಪಗಳು ಎಷ್ಟೆಂದರೆ ಛಾವಣಿ ಕಾಣುವುದಿಲ್ಲ. ಧೂಪದ ಹೊಗೆಗೆ ಗೋಡೆ ಕಪ್ಪಾಗಿದೆ. ಸಮಾಧಿಯ ಪಕ್ಕದ ಗೋಡೆಯಲ್ಲಿ ಒಂದು ಗೂಡು ಕಂಡಿತು. ಮೆಕ್ಕಾದ ದಿಕ್ಕು ತೋರುವ ಮಿಹ್ರಾಬ್ ಅದು. ಮರಿಯಮ್ ಮುಸ್ಲಿಮರಿಗೂ ಪೂಜ್ಯಳು, ಕುರ್‌ಆನಿನ ಒಂದು ಅಧ್ಯಾಯಕ್ಕೆ ಅವಳದೇ ಹೆಸರು. ಒಬ್ಬ ಹೆಂಗಸು ಹಿಜಾಬ್ ತೊಟ್ಟು, ಇನ್ನೊಬ್ಬಳು ಕೊರಳಲ್ಲಿ ಶಿಲುಬೆ ಹಾಕಿಕೊಂಡು, ಅಕ್ಕಪಕ್ಕ ನಿಂತಿದ್ದರು. ಒಟ್ಟಿಗೆ ಬಂದವರೋ, ನಿಂತ ಜಾಗವಷ್ಟೇ ಒಂದಾಯಿತೋ ತಿಳಿಯಲಿಲ್ಲ.

ಮೇಲೆ ಬಂದರೆ ಕಣಿವೆಯ ರಸ್ತೆ. ವಾಹನಗಳ ಸದ್ದು, ದೂಳು. ಈ ಕಣಿವೆ ದಕ್ಷಿಣಕ್ಕೆ ಹರಿದು, ಪಟ್ಟಣವನ್ನು ಬಳಸಿ ಬರುವ ಹಿನ್ನೋಮ್ ಕಣಿವೆಯನ್ನು ಕೂಡುತ್ತದೆ. ಹಿಂದೆ ಅಲ್ಲಿ ಮಕ್ಕಳನ್ನು ಬೆಂಕಿಗೆ ಬಲಿ ಕೊಡುತ್ತಿದ್ದರೆಂದು ಬೈಬಲ್ ಹೇಳುತ್ತದೆ. ಗೇ ಹಿನ್ನೋಮ್, ಎಂದರೆ ಹಿನ್ನೋಮಿನ ಕಣಿವೆ. ಅದೇ ಯೆಹೂದ್ಯರ ಗೇಹಿನ್ನೋಮ್, ಸುವಾರ್ತೆಗಳ ಗೆಹೆನ್ನ, ಕುರ್‌ಆನಿನ ಜಹನ್ನಮ್. ಮೂರೂ ಧರ್ಮದ ನರಕಕ್ಕೆ ಹೆಸರು ಕೊಟ್ಟ ಜಾಗಕ್ಕೆ ಇಲ್ಲಿಂದ ನಡೆದೇ ಹೋಗಬಹುದು. ಹಿಂದಿನ ಸಂಜೆ ಹೋಗಿ ನೋಡಿದ್ದೆ. ಹುಲ್ಲುಹಾಸಿನ ಮೇಲೆ ಕುಟುಂಬಗಳು ಬುತ್ತಿ ಬಿಚ್ಚಿ ಕೂತಿದ್ದವು.

ರಸ್ತೆ ದಾಟಿ, ಏರು ಹತ್ತಿ, ಪಟ್ಟಣದ ಪೂರ್ವದ ಬಾಗಿಲ ಪಕ್ಕದಿಂದ ಗೋಡೆಯ ಬುಡದ ಕಾಲುದಾರಿ ಹಿಡಿದೆ. ಇದು ಮುಸ್ಲಿಮರ ಖಬರಸ್ಥಾನ. ಇಲ್ಲೂ ಬಿಳಿಗಲ್ಲು, ಆದರೆ ನಡುವೆ ಹುಲ್ಲಿದೆ, ಅಲ್ಲಲ್ಲಿ ಗಿಡಗಳಿವೆ. ಕೆಲವು ಗೋರಿಗಳ ತಲೆಯ ಕಡೆ ಮಣ್ಣು ತುಂಬಿದ ಗುಂಡಿ ಬಿಟ್ಟು ಸೊಪ್ಪು ನೆಟ್ಟಿದ್ದಾರೆ. ಪ್ರವಾದಿಯವರ ಒಡನಾಡಿಗಳಿಬ್ಬರ ಗೋರಿಯೂ ಇಲ್ಲೇ ಇದೆ. ಒಬ್ಬ ಅಜ್ಜ ಗೋರಿಗೆ ಪ್ಲಾಸ್ಟಿಕ್ ಬಾಟಲಿಯಿಂದ ನೀರು ಹನಿಸುತ್ತಿದ್ದರು. ನಾನು ನಿಂತುಕೊಂಡೆ. ಹೋಗಿ ಹೋಗಿ ಎಂಬಂತೆ ತಲೆಯಾಡಿಸಿದರು. ಆಚೆ ದಡದ ಗೋರಿಗಳು ಇತ್ತ, ಇಲ್ಲಿಯವು ಅತ್ತ ನೋಡುತ್ತಿರುವಂತೆ ಕಾಣುತ್ತದೆ.

ನಮ್ಮೂರಲ್ಲಿ ಪಕ್ಕದ ಮನೆಯ ಸಾಹೇಬರು ತೀರಿಕೊಂಡಾಗ ನಾನು ಸಣ್ಣವಳು. ಅಪ್ಪನ ಕೈ ಹಿಡಿದು ರಸ್ತೆಯ ಅಂಚಿನಲ್ಲಿ ನಿಂತಿದ್ದೆ. ಜನಾಜದ ನಮಾಜಿಗೆ ಮುಂಚೆ ಅವರ ಹಿರಿಮಗ ಎದ್ದು ನಿಂತು, ನಮ್ಮ ತಂದೆ ಯಾರಿಗಾದರೂ ಬಾಕಿ ಕೊಡಬೇಕಾಗಿದ್ದರೆ ನನ್ನನ್ನು ಕೇಳಿ, ಯಾರಿಗಾದರೂ ಕೆಟ್ಟ ಮಾತು ಆಡಿದ್ದರೆ ಮಾಫ್ ಮಾಡಿಬಿಡಿ ಎಂದ. ಹೆಣ ಎದುರಿಗಿರುವಾಗ ಲೆಕ್ಕ ಮಾತಾಡುತ್ತಾರಲ್ಲ ಎಂದು ಆಗ ವಿಚಿತ್ರವೆನಿಸಿತ್ತು. ಸಾಲ ಉಳಿಸಿ ಸತ್ತವನ ನಮಾಜನ್ನು ತಾವು ಮಾಡಿಸದೆ ಪ್ರವಾದಿಯವರು ಹಿಂದೆ ನಿಂತದ್ದುಂಟು, ಒಬ್ಬರು ಆ ಸಾಲ ನನ್ನದು ಎಂದು ಒಪ್ಪಿಕೊಂಡ ಮೇಲೆ ನಿಂತು ಮಾಡಿಸಿದರು ಎಂದು ಎಷ್ಟೋ ವರ್ಷದ ಮೇಲೆ ಓದಿದೆ.

ಇಸ್ಲಾಮಿನಲ್ಲಿ ಹುಟ್ಟಿನಿಂದ ಬಂದ ಪಾಪವಿಲ್ಲ. ಆದಮ್ ತಪ್ಪಿದ, ಮರಳಿದ, ದೇವರು ಕ್ಷಮಿಸಿದ, ಅಲ್ಲಿಗೆ ಅದು ಮುಗಿಯಿತು. ಕುರ್‌ಆನಿನ 114 ಅಧ್ಯಾಯಗಳಲ್ಲಿ 113 ದಯಾಮಯನಾದ ದೇವರ ಹೆಸರಿನಿಂದಲೇ ಶುರುವಾಗುತ್ತವೆ. ಪಶ್ಚಾತ್ತಾಪಕ್ಕೆ ಅವರ ಮಾತು ತೌಬಾ, ಯೆಹೂದ್ಯರ ಮಾತು ತೆಶುವಾ. ಎರಡಕ್ಕೂ ಮೂಲಾರ್ಥ ಮರಳಿ ಬರುವುದು. ತೌಬಾಕ್ಕೆ ಷರತ್ತುಗಳಿವೆ: ತಪ್ಪನ್ನು ನಿಲ್ಲಿಸಬೇಕು, ಮರುಗಬೇಕು, ಮತ್ತೆ ಮಾಡೆನೆಂದು ನಿಶ್ಚಯಿಸಬೇಕು. ಇನ್ನೊಬ್ಬರ ಹಕ್ಕಿಗೆ ಧಕ್ಕೆಯಾಗಿದ್ದರೆ ನಾಲ್ಕನೆಯ ಷರತ್ತು, ಅದನ್ನು ಹಿಂದಿರುಗಿಸಬೇಕು, ಇಲ್ಲವೆ ಅವರಿಂದಲೇ ಬಿಡಿಸಿಕೊಳ್ಳಬೇಕು. ಹಕ್ಕು, ಬಾಕಿ, ವಸೂಲಿ, ಮಾಫಿ ಎಂದು ನಾವು ತಾಲ್ಲೂಕು ಕಚೇರಿಯಲ್ಲಿ ದಿನಾ ಆಡುವ ಮಾತುಗಳೆಲ್ಲ ಅರಬ್ಬಿಯಿಂದಲೇ ಬಂದವು. ಆ ಭಾಷೆಯಲ್ಲಿ ಅವು ಪರಲೋಕದ ಲೆಕ್ಕಕ್ಕೂ ಸಲ್ಲುತ್ತವೆ.

ಪ್ರವಾದಿಯವರು ಹೇಳಿದ ಎರಡು ಸಂಗತಿಗಳು ಇಲ್ಲಿ ನನ್ನ ಜೊತೆ ನಡೆದವು. ಒಂದರಲ್ಲಿ ತೊಂಬತ್ತೊಂಬತ್ತು ಕೊಲೆ ಮಾಡಿದವನು ಕ್ಷಮೆಯುಂಟೇ ಎಂದು ಕೇಳುತ್ತಾನೆ. ಇಲ್ಲವೆಂದ ಸನ್ಯಾಸಿಯನ್ನೂ ಕೊಂದು ನೂರಾಗಿಸುತ್ತಾನೆ. ಉಂಟು, ಒಳ್ಳೆಯವರಿರುವ ಊರಿಗೆ ಹೋಗು ಎಂದು ಜ್ಞಾನಿಯೊಬ್ಬ ಹೇಳುತ್ತಾನೆ. ಹೊರಟವನು ದಾರಿಯಲ್ಲೇ ಸಾಯುತ್ತಾನೆ. ದೇವದೂತರು ದೂರ ಅಳೆಯುತ್ತಾರೆ. ಒಳ್ಳೆಯ ಊರಿಗೆ ಒಂದು ಗೇಣು ಹತ್ತಿರ ಇದ್ದಾನೆ, ಅವನಿಗೆ ಕ್ಷಮೆಯಾಯಿತು. ಆ ಒಂದು ಗೇಣು ನನ್ನನ್ನು ಕಲಕುತ್ತದೆ. ಆದರೂ ಸತ್ತ ಆ ನೂರು ಜನ ಎಲ್ಲಿ, ಅವರ ಮನೆಯವರು ಎಲ್ಲಿ ಎಂದು ಕೇಳದೇ ಇರಲಾರೆ.

ಎರಡನೆಯದರಲ್ಲಿ ಉತ್ತರದ ಹಾಗೆ ಒಂದಿದೆ. ಸಿರಾತ್ ಎಂಬ ಸೇತುವೆ, ಕೂದಲಿಗಿಂತ ಸಪೂರ, ನರಕದ ಮೇಲೆ ಹಾಸಿದ್ದು. ಅದು ಈ ಬೆಟ್ಟದಿಂದ ಎದುರಿನ ಗೋಡೆಯವರೆಗೆ ಈ ಕಣಿವೆಯ ಮೇಲೇ ಚಾಚುತ್ತದೆ ಎನ್ನುವುದು ಇಲ್ಲಿಯವರ ಹಳೆಯ ನಂಬಿಕೆ. ದಾಟಿ ಉಳಿದವರೂ ನೇರವಾಗಿ ಸ್ವರ್ಗಕ್ಕೆ ಹೋಗುವುದಿಲ್ಲ. ನಡುವೆ ಇನ್ನೊಂದು ಸೇತುವೆಯಲ್ಲಿ ಅವರನ್ನು ನಿಲ್ಲಿಸುತ್ತಾರೆ. ಲೋಕದಲ್ಲಿ ಒಬ್ಬರಿಗೊಬ್ಬರು ಮಾಡಿದ ಅನ್ಯಾಯವನ್ನು ಅಲ್ಲಿ ತಮ್ಮತಮ್ಮಲ್ಲೇ ತೀರಿಸಿಕೊಂಡ ಮೇಲೆ ಬಾಗಿಲು. ನರಕದಿಂದ ಪಾರಾದವರಿಗೂ ಈ ತಡೆ ಇದೆ. ಆ ಸೇತುವೆಯಲ್ಲಿ ಅಕ್ಕ ನನಗೆ ಎದುರಾದರೆ ಎಂದು ಯೋಚಿಸಿದೆ. ಅವಳು ಕೇಳುವವಳಲ್ಲ. ಒಂದು ಸಲ ಕೇಳಿ ಸುಮ್ಮನಾದವಳು. ಸುಮ್ಮನೆ ನಿಂತಿರುತ್ತಾಳೆ.

ಹೀಗೆ ಬಂದು ಜೋಡಿ ಕಮಾನಿನ ಕೆಳಗೆ ನಿಂತೆ. ಹತ್ತಿರದಿಂದ ಅದು ಅಷ್ಟು ಭವ್ಯವಲ್ಲ. ಕೆತ್ತನೆಯ ಅಂಚು ಸವೆದಿದೆ, ಕಮಾನಿನೊಳಗೆ ಗೋಡೆಯದೇ ಬಣ್ಣದ ಕಲ್ಲು ಪೇರಿಸಿ ಮುಚ್ಚಿದ್ದಾರೆ, ಬಿರುಕುಗಳಲ್ಲಿ ಗಿಡ ಬೇರುಬಿಟ್ಟಿದೆ. ಒಟ್ಟೋಮನ್ ಸುಲ್ತಾನ ಸುಲೈಮಾನನ ಕಾಲದಲ್ಲಿ, 1541ರಲ್ಲಿ, ಕೊನೆಯ ಸಲ ಮುಚ್ಚಿದ್ದು. ಮೆಸ್ಸೀಯ ಬರುವುದು ಇದರ ಮೂಲಕ ಎಂದು ಯೆಹೂದ್ಯರ ನಂಬಿಕೆ. ಯೇಸು ಕತ್ತೆಯೇರಿ ಪಟ್ಟಣ ಹೊಕ್ಕದ್ದು ಇದರಿಂದ ಎಂದು ಕ್ರೈಸ್ತರ ನಂಬಿಕೆ. ಅರಬ್ಬಿಯಲ್ಲಿ ಒಂದೊಂದು ಕಮಾನಿಗೂ ಒಂದೊಂದು ಹೆಸರು. ಒಂದು ರಹಮತಿನ ಬಾಗಿಲು, ಇನ್ನೊಂದು ತೌಬಾದ ಬಾಗಿಲು. ದಯೆ, ಮರಳುವಿಕೆ. ಎರಡಕ್ಕೂ ನಡುವೆ ಒಂದೇ ಕಂಬ. ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಪಟ್ಟಣಕ್ಕೆ ಬಂದ ಇಮಾಮ್ ಗಜಾಲಿ ಇದರ ಒಳಗಡೆಯಲ್ಲೇ ತಂಗಿದ್ದರೆಂದು ಪ್ರತೀತಿ. ಅವರ ಮಹಾಗ್ರಂಥದ ಕೊನೆಯ ಕಾಲುಭಾಗ ಶುರುವಾಗುವುದು ತೌಬಾದ ಅಧ್ಯಾಯದಿಂದ.

ಮೂರೂ ದಾರಿ ಒಂದೇ ಎಂದು ಹೇಳಿ ಹೊರಡುವುದು ಸುಲಭ. ಹಾಗಿಲ್ಲ. ಯೇಸುವಿನ ಮರಣವಿಲ್ಲದೆ ಸ್ವರ್ಗವಿಲ್ಲ ಎಂಬುದನ್ನು ಉಳಿದಿಬ್ಬರು ಒಪ್ಪುವುದಿಲ್ಲ. ದೇವರಿಗೆ ಸಮನಾಗಿ ಇನ್ನೊಬ್ಬರನ್ನು ಇಟ್ಟು ಹಾಗೇ ಸತ್ತವರಿಗೆ ಕ್ಷಮೆಯಿಲ್ಲ ಎಂದು ಕುರ್‌ಆನ್ ಹೇಳುತ್ತದೆ. ಸ್ವರ್ಗದ ವರ್ಣನೆಗೇ ಯೆಹೂದ್ಯರು ಹೆಚ್ಚು ಹೋಗುವುದಿಲ್ಲ. ಬೇರೆ ಜನಾಂಗಗಳ ಸಜ್ಜನರಿಗೂ ಬರಲಿರುವ ಲೋಕದಲ್ಲಿ ಪಾಲುಂಟು ಎಂದು ಅವರ ಹಿರಿಯರು ಹೇಳಿಟ್ಟಿದ್ದಾರೆ. ಇಲ್ಲಿ ಜನ ಈ ಭೇದಗಳಿಗಾಗಿ ಸತ್ತಿದ್ದಾರೆ, ಕೊಂದಿದ್ದಾರೆ. ಆಚೆ ದಡದ ಗೋರಿಗಲ್ಲುಗಳನ್ನು 1948ರಿಂದ 1967ರ ನಡುವೆ ಕಿತ್ತು ಕಟ್ಟಡಕ್ಕೆ ಬಳಸಿದ್ದೂ ಉಂಟು. ಕ್ಷಮೆ ಕೇಳುವವರು ಯಾರು, ಯಾರ ಹತ್ತಿರ ಎಂದು ಈ ಕಣಿವೆಯಲ್ಲಿ ನಿಂತು ಕೇಳಿದರೆ ಎರಡೂ ದಡದಿಂದ ಪಟ್ಟಿಗಳು ಬರುತ್ತವೆ. ನಾನು ಅದರಲ್ಲಿ ತೀರ್ಪು ಹೇಳುವವಳಲ್ಲ. ನನಗೆ ಬೇಕಾಗಿದ್ದ ಒಂದು ಮಾತಿನಲ್ಲಿ ಮಾತ್ರ ಮೂವರೂ ನನ್ನನ್ನು ಒಂದೇ ಕಡೆಗೆ ತಿರುಗಿಸಿ ಕಳಿಸಿದರು.

ಅಜ್ಜ ಬಾಟಲಿ ಖಾಲಿ ಮಾಡಿ ಎದ್ದು ಹೋದರು. ನೆರಳು ಗೋಡೆಯಿಂದ ಇತ್ತ ಚಾಚತೊಡಗಿತ್ತು. ನಾನೂ ಬಸ್ ನಿಲ್ದಾಣದ ಕಡೆ ಹೊರಟೆ.

ಬಳೆ ಊರಲ್ಲಿ ಬ್ಯಾಂಕಿನ ಲಾಕರಿನಲ್ಲಿದೆ. ಅಕ್ಕನ ಮಗಳಿಗೆ ಬರುವ ವೈಶಾಖದಲ್ಲಿ ಮದುವೆ. ಚಿಕ್ಕಮ್ಮನ ಉಡುಗೊರೆ ಎಂದು ಕೊಡುವುದು ಎಲ್ಲಕ್ಕಿಂತ ಸುಲಭ, ಅವಳಿಗೂ ಮುಜುಗರವಿಲ್ಲ. ಹಾಗೆ ಕೊಟ್ಟರೆ ಅವಳು ನನ್ನ ಕಾಲಿಗೆ ನಮಸ್ಕಾರ ಮಾಡುತ್ತಾಳೆ. ಅದಕ್ಕೆ ಮುಂಚೆಯೇ, ಮನೆಯವರೆಲ್ಲ ಇರುವಾಗ, ಇದು ನಿನ್ನ ಅಮ್ಮನದು, ನಾನು ಇಟ್ಟುಕೊಂಡಿದ್ದೆ ಎಂದು ಹೇಳಬೇಕು. ಬಸ್ಸಿನಲ್ಲಿ ಆ ಮಾತನ್ನು ಒಳಗೊಳಗೇ ಎರಡು ಮೂರು ಸಲ ಹೇಳಿಕೊಂಡು ನೋಡಿದೆ. ‘ಇಟ್ಟುಕೊಂಡಿದ್ದೆ’ ಎಂಬಲ್ಲಿಗೆ ಬಂದಾಗ ಪ್ರತಿ ಸಲವೂ ನಿಂತೆ. ‘ಕೊಡಲಿಲ್ಲ’ ಎನ್ನಬೇಕು.